ಮಾಳಿಗೆ ಹಾಲ್‌ನ ಆರು ತೊಲೆಗಳು

ಗಟ್ಟಿ ಮರವನ್ನೂ ಮೆದು ಮರವನ್ನೂ ಅಂಟಿಸಿ ಕಟ್ಟಡಗಳಿಗೆ ತೊಲೆ ಮಾಡುವುದು ನಮ್ಮ ಕೆಲಸ. ನಡುವೆ ಪೈನ್ ಹಲಗೆಗಳು, ಮೇಲೆ ಕೆಳಗೆ ಸಾಗುವಾನಿ. ತೂಕ ಕಡಿಮೆ, ಬಲ ಸಾಕಷ್ಟು. ಮುಂಬೈ ಹತ್ತಿರದ ಡೊಂಬಿವಲಿಯ ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್. ಅಂಟಿನ ವಿಷಯದಲ್ಲಿ ನನ್ನ ಮಾತೇ ಕೊನೆ. ಆ ಜಂಬವೂ ಇತ್ತು.

ಸಾಗುವಾನಿಯಲ್ಲಿ ಎಣ್ಣೆಯ ಅಂಶವಿದೆ. ಕೀಸಿದ ದಿನವೇ ಅಂಟು ಹಚ್ಚಬೇಕು; ಬಿಟ್ಟರೆ ಎಣ್ಣೆ ಮೇಲಕ್ಕೆ ಬಂದು ಅಂಟು ಹಿಡಿಯುವುದಿಲ್ಲ. ಪಕ್ಕದೂರು ಕಲ್ಯಾಣದ ಹೋಟೆಲೊಂದರ ಮಾಳಿಗೆ ಹಾಲ್‌ನ ಛಾವಣಿಗೆ ಆರು ತೊಲೆ ಬೇಕಿತ್ತು. ಗುರುವಾರ ಕೀಸಿದೆವು, ಅಂಟಿಸುವ ಮೊದಲೇ ಹೊತ್ತು ಮುಗಿಯಿತು. ಶುಕ್ರವಾರ ನಮ್ಮ ಇಂಡಸ್ಟ್ರಿ ಏರಿಯಾಕ್ಕೆ ವಾರದ ರಜೆ. ಶನಿವಾರ ಮತ್ತೆ ಕೀಸಿದರೆ ಡ್ರಾಯಿಂಗಿನ ದಪ್ಪ ಸಿಗುತ್ತಿರಲಿಲ್ಲ, ಹೊಸ ಮರ ತರಿಸಬೇಕಿತ್ತು. ಬಟ್ಟೆಯಲ್ಲಿ ಒರೆಸಿ ಅಂಟಿಸಿ ಅಂದೆ. ನಾನೇ ಅಂದೆ.

ಹಾಲ್ ಶುರುವಾದ ಮೇಲೆ ಚಹಾದ ನೆಪದಲ್ಲಿ ಹೋಗಿ ಕತ್ತೆತ್ತಿ ನೋಡುತ್ತಿದ್ದೆ. ಮಳೆಗಾಲ ಬಂತು. ಪೈನ್ ತೇವ ಕುಡಿದು ಉಬ್ಬುತ್ತದೆ, ಸಾಗುವಾನಿ ಅಷ್ಟು ಉಬ್ಬುವುದಿಲ್ಲ. ಎರಡರ ಎಳೆದಾಟವನ್ನೂ ಅಂಟೇ ತಡೆಯಬೇಕು. ಒಂದು ದಿನ ಮೂರನೇ ತೊಲೆಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಪಾಲಿಶ್ ಬಿರಿದಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಒಂದು ತಿಂಗಳು ಹಾಗೆಯೇ ಹೇಳಿಕೊಂಡೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಯಾರು ಕೊಡುತ್ತಾರೆ?

ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ನನ್ನ ಕೆಲಸ ಮೆಚ್ಚಿ, ನನ್ನ ಮಗಳ ಸೀಮಂತಕ್ಕೆ ಅದೇ ಹಾಲ್ ಕೊಟ್ಟರು. ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಹೆಂಗಸರು ಅವಳನ್ನು ಮೂರನೇ ತೊಲೆಯ ನೇರ ಕೆಳಗೆ ಕೂರಿಸಿದರು. ಏಣಿ ತರಿಸಿ ಹತ್ತಿ, ಜೇಬಿನಲ್ಲಿದ್ದ ವಿಸಿಟಿಂಗ್ ಕಾರ್ಡನ್ನು ಆ ಗೆರೆಗೆ ತೂರಿಸಿದೆ. ಅರ್ಧ ಒಳಗೆ ಹೋಯಿತು.

ಇಳಿದವನೇ ಮಗಳ ಕೈ ಹಿಡಿದು ಎಬ್ಬಿಸಿದೆ. "ಪಪ್ಪಾ, ಸಬ್ ದೇಖ್ ರಹೇ ಹೈಂ," ಎಂದು ಅವಳು ಮುಜುಗರಪಟ್ಟಳು. ಎಲ್ಲರೂ ನೋಡುತ್ತಿದ್ದರೆ ನೋಡಲಿ. ಎಲ್ಲರನ್ನೂ ಕೆಳಗೆ ಕಳಿಸಿ, ಖಾಲಿ ಹಾಲ್‌ನಲ್ಲಿ ಮಾಲೀಕರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದು ಕಾಯುತ್ತ ನಿಂತೆ.

ಅವರು ತೊಲೆಯತ್ತ ನೋಡಲೂ ಇಲ್ಲ.

"ನಿಮ್ಮ ಮಗಳು ಕೂತದ್ದಕ್ಕೆ ಇವತ್ತು ನಿಮಗೆ ಬಾಯಿ ಬಂತು ಮಾರಾಯ್ರೆ," ಎಂದರು. "ನನ್ನ ಮೊಮ್ಮಕ್ಕಳು ದಿನಾ ಸಂಜೆ ಇಲ್ಲೇ ಕೂತು ಹೋಂವರ್ಕ್ ಮಾಡುದು. ನೀವು ಅವರ ಹತ್ರ ಮಾತಾಡಿದ್ದೂ ಉಂಟು."