ಬೊಮ್ಮಲಿಂಗಪ್ಪನ ಗೋಬರ್ ಗ್ಯಾಸ್ ಮೊಪೆಡ್

ದಿನಾ ಮೊಪೆಡ್ಡಿನಲ್ಲಿ ರಾಂಪುರದ ಡೇರಿಗೆ ಹೋಗಿ ಹಾಲು ಹಾಕುತ್ತಿದ್ದ ಬೊಮ್ಮಲಿಂಗಪ್ಪನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಹೊಲದ ಹಕ್ಕಿ ಓಡಿಸಲು ಸೈಕಲ್ ಚಕ್ರದಿಂದ ಒಂದು ಗಾಳಿಯಂತ್ರ ಮಾಡಿದ್ದ. ಅದು ಮೊದಲ ಗಾಳಿಗೇ ಕಿತ್ತುಹೋಗಿ ಪಕ್ಕದ ಹೊಲದಲ್ಲಿ ಬಿದ್ದಾಗ ಊರೆಲ್ಲ ನಕ್ಕಿತ್ತು. ಅಂದಿನಿಂದ ಮುಗಿಯದ ಕೆಲಸದ ಬಗ್ಗೆ ಅವನು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

ತೊಂಬತ್ತಾರರ ಸುಮಾರಿಗೆ ಅವನ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿಯಾಯಿತು. ಸೆಗಣಿಯಿಂದ ಒಲೆ ಉರಿಯುವುದಾದರೆ ಮೊಪೆಡ್ ಯಾಕೆ ಓಡಬಾರದು ಎಂಬುದು ಅವನ ತಲೆ ಹೊಕ್ಕಿತು. ಚಳ್ಳಕೆರೆ ಮಂಡಿಗೆ ಶೇಂಗಾ ಒಯ್ದಾಗ ಗುಜರಿ ಅಂಗಡಿಯಿಂದ ಟ್ರ್ಯಾಕ್ಟರಿನ ಹಳೇ ಟ್ಯೂಬು, ಒಂದು ನಲ್ಲಿ, ತಾಮ್ರದ ಪೈಪು ತಂದ. ಟ್ಯೂಬಿಗೆ ಗ್ಯಾಸು ತುಂಬಿ ಗಾಡಿಯ ಹಿಂದೆ ಕಟ್ಟಿ, ಎಂಜಿನ್ನು ಗಾಳಿ ಎಳೆಯುವ ಕಡೆ ಪೈಪು ಜೋಡಿಸಿದ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಗಾಡಿ ಅದು. ಆಯಿಲ್ ಇಲ್ಲದೆ ಎಂಜಿನ್ನು ಕೆಡಬಾರದೆಂದು ಪೆಟ್ರೋಲನ್ನು ಪೂರ್ತಿ ನಿಲ್ಲಿಸದೆ ಹನಿಹನಿಯಾಗಿ ಬಿಟ್ಟ. ಬಹಳ ದಿನ ಕೆಮ್ಮಿ ಕೆಮ್ಮಿ ನಿಂತ ಗಾಡಿ ಕೊನೆಗೊಂದು ಬೆಳಿಗ್ಗೆ ರಾಂಪುರ ಮುಟ್ಟಿತು.

ಮೊದಲು ಅನುಮಾನ ಬಂದದ್ದು ಹೆಂಡತಿ ಯರ್ರಮ್ಮನಿಗೆ. ಮುದ್ದೆಯ ಎಸರು ಕುದಿಯುವ ಮೊದಲೇ ಒಲೆ ಆರುತ್ತಿತ್ತು. ಚಳಿಗೆ ಗ್ಯಾಸು ಕಮ್ಮಿ ಎಂದ ಗಂಡ. ಚಳಿ ಹೋದರೂ ಒಲೆ ಹಾಗೇ. ಜೊತೆಗೆ ಗುಂಡಿಯಲ್ಲಿ ಗ್ಯಾಸು ತುಂಬಿ ತೇಲುವ ಡ್ರಮ್ಮಿನ ಮೇಲೆ ಚಪ್ಪಡಿ ಕಲ್ಲುಗಳು ಬಂದು ಕೂತಿದ್ದವು. ಗ್ಯಾಸು ಟ್ಯೂಬಿಗೆ ನುಗ್ಗಲೆಂದು ಅವನು ಹೇರಿದ್ದ ಕಲ್ಲುಗಳವು. ಕೇಳಿದ್ದಕ್ಕೆ ಡ್ರಮ್ಮು ಅಲ್ಲಾಡದಿರಲಿ ಎಂದುಬಿಟ್ಟ. ಏನನ್ನೋ ಬಚ್ಚಿಟ್ಟಿದ್ದಾನೆಂದು ಅವಳು ಅವನಿಲ್ಲದಾಗ ಕೋಲು ಹಾಕಿ ಗುಂಡಿ ಕೆದಕಿದಳು. ಸೆಗಣಿ ಬಿಟ್ಟು ಏನೂ ಸಿಗಲಿಲ್ಲ.

ಊರಿನವರ ಅನುಮಾನವೇ ಬೇರೆ. ಆಂಧ್ರದ ಕಡೆಯಿಂದ ಕಳ್ಳಭಟ್ಟಿ ಬರುತ್ತಿದ್ದದ್ದೇ ಇಂಥ ಟ್ಯೂಬುಗಳಲ್ಲಿ. ಗೋಣಿ ಹೊದಿಸಿದ ಬೊಮ್ಮಲಿಂಗಪ್ಪನ ಟ್ಯೂಬು ಹೋಗುವಾಗ ಉಬ್ಬಿರುತ್ತಿತ್ತು, ಬರುವಾಗ ಸೊರಗಿರುತ್ತಿತ್ತು. ಹಾಲಿನ ಕ್ಯಾನು ಬರೀ ನೆಪ ಎಂದು ಜಗಲಿಗಳಲ್ಲಿ ತೀರ್ಮಾನವಾಯಿತು. ಕುಡಿಯುವವರು ಗುಟ್ಟಾಗಿ ಬಂದು ಕೇಳಿದರು. ಇಲ್ಲ ಎಂದದ್ದಕ್ಕೆ, ನಮಗೆ ಮಾತ್ರ ಕೊಡಲ್ಲ ಎಂದು ಮುನಿಸಿಕೊಂಡರು.

ಮಾತು ರಾಂಪುರದ ಸಾರಾಯಿ ಅಂಗಡಿ ನೋಡಿಕೊಳ್ಳುತ್ತಿದ್ದ ಹನುಮಣ್ಣನ ಕಿವಿಗೆ ಬಿತ್ತು. ತನ್ನ ವ್ಯಾಪಾರಕ್ಕೆ ಕಲ್ಲು ಬಿತ್ತೆಂದು ಒಂದು ಬೆಳಿಗ್ಗೆ ಅವನು ಜೊತೆಗೊಬ್ಬನನ್ನು ಕಟ್ಟಿಕೊಂಡು ಬಂದು ರಸ್ತೆಯಲ್ಲಿ ಗಾಡಿ ಅಡ್ಡಹಾಕಿದ.

"ಟ್ಯೂಬಿನಾಗೆ ಏನೈತಲೇ?"

ಗ್ಯಾಸು ಎಂದ ಬೊಮ್ಮಲಿಂಗಪ್ಪ. ಹನುಮಣ್ಣ ಟ್ಯೂಬನ್ನು ಅದುಮಿದ, ಕುಲುಕಿದ. ಒಳಗೆ ನೀರಿನ ಸದ್ದಿರಲಿಲ್ಲ. ಆದರೂ ನಂಬಿಕೆ ಬಾರದೆ ಚಾಕು ತೆಗೆದ. ಜೊತೆಯವನ ಬಾಯಲ್ಲಿ ಬೀಡಿ ಉರಿಯುತ್ತಿತ್ತು.

"ಮೊದ್ಲು ಬೀಡಿ ಆರಿಸ್ರಿ. ಬೆಂಕಿ ಹತ್ತುತೈತೆ."

ಅದೂ ನಾಟಕವೆಂದುಕೊಂಡ ಹನುಮಣ್ಣ ಚುಚ್ಚಿಯೇಬಿಟ್ಟ. ಬುಸ್ಸೆಂದು ಬಂದ ಗ್ಯಾಸು ಭಗ್ಗನೆ ಹೊತ್ತಿಕೊಂಡಿತು. ಬೊಮ್ಮಲಿಂಗಪ್ಪ ಹನುಮಣ್ಣನ ರಟ್ಟೆ ಹಿಡಿದು ಆಚೆಗೆಳೆದ. ಬೆಂಕಿ ಪೆಟ್ರೋಲ್ ಟ್ಯಾಂಕಿಗೆ ಹೋಗುವ ಮೊದಲೇ ಕ್ಯಾನಿನ ಹಾಲನ್ನೆಲ್ಲ ಗಾಡಿಯ ಮೇಲೆ ಸುರಿದ. ಹನುಮಣ್ಣನ ಹುಬ್ಬು, ಅರ್ಧ ಮೀಸೆ ಸುಟ್ಟವು. ಬೊಮ್ಮಲಿಂಗಪ್ಪನ ಎಡಗೈ ಬೊಬ್ಬೆ ಎದ್ದಿತು.

ಹನುಮಣ್ಣ ಚಾಕು ಜೇಬಿಗೆ ಹಾಕಿಕೊಂಡ. ಆಮೇಲೆ ತಾನೇ ಗಾಡಿ ತಳ್ಳಿಕೊಂಡು ಬೊಮ್ಮಲಿಂಗಪ್ಪನ ಮನೆವರೆಗೂ ಬಂದು, ಆದದ್ದನ್ನು ಯರ್ರಮ್ಮನಿಗೆ ಹೇಳಿ ಹೋದ. ಅವಳು ಗಂಡನ ಕೈಗೆ ತಣ್ಣೀರು ಹಾಕುತ್ತ ಕೇಳಿದಳು.

"ನನ್ ಒಲೆ ಗ್ಯಾಸು ರಾಂಪುರಕ್ಕೆ ಹೋಗ್ತಿತ್ತಾ?"

ಅವನು ತಲೆ ತಗ್ಗಿಸಿದ.

"ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?" ಎಂದವಳು ಇನ್ನೊಂದು ಚೊಂಬು ನೀರು ಸುರಿದು, "ಅಂತಿದ್ದೆ ಬಿಡು," ಎಂದಳು.

ಸುಟ್ಟದ್ದು ಸಾರಾಯಿಯೇ, ವಾಸನೆ ಅಡಗಿಸಲೆಂದೇ ಹಾಲು ಸುರಿದ ಎನ್ನುವವರು ಊರಲ್ಲಿ ಉಳಿದೇ ಉಳಿದರು. ಬೊಮ್ಮಲಿಂಗಪ್ಪ ಅವರೊಂದಿಗೆ ವಾದಕ್ಕಿಳಿಯಲಿಲ್ಲ. ಕೈ ಮಾಗಿದ ಮೇಲೆ ಎಂಜಿನ್ನನ್ನು ಗಾಡಿಯಿಂದ ಬಿಚ್ಚಿ, ಗುಂಡಿಯ ಪಕ್ಕದಲ್ಲೇ ಮೇವು ಕತ್ತರಿಸುವ ಯಂತ್ರಕ್ಕೆ ಜೋಡಿಸಿದ. ಡೇರಿಗೆ ಸೈಕಲ್ಲಿನಲ್ಲಿ ಹೋಗತೊಡಗಿದ. ಸಂಜೆ ಮುದ್ದೆ ಇಳಿಸಿದ ಮೇಲೆ ಯರ್ರಮ್ಮನೇ ಒಲೆಯ ನಲ್ಲಿ ಮುಚ್ಚಿ, ಇನ್ನು ಶುರು ಮಾಡು ಎಂದು ಹಿತ್ತಲಿಗೆ ಕೂಗಿ ಹೇಳುತ್ತಿದ್ದಳು.