ಭಾರವಾದ ಬೊಂತೆ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲು ಬಲಕ್ಕೆ ಹೋಗುತ್ತಾ ಕೆಳಗೆ ಇಳಿಯುತ್ತದೆ. ಹತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಸರಿಯಾದ ಪದ ಎಲ್ಲ ಕಡೆ ಸಿಕ್ಕಿಲ್ಲ. ನಮ್ಮ ಹೂಟಗಳ್ಳಿಯ ಗ್ರಂಥಾಲಯದ ಸರ್ವಮಂಗಳಾ ಮೇಡಂ, ನಿಮ್ಮ ಬೀದಿಯ ಹಿರಿಯರೊಬ್ಬರ ಬಗ್ಗೆ ಬರೆದುಕೊಡು, ಎಲ್ಲರೂ ಓದುವ ಹಾಗೆ ಪುಸ್ತಕ ಮಾಡಿ ಇಡುತ್ತೇವೆ ಎಂದರು. ಎದ್ದು ನಿಂತು ಹೇಳು ಎಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಬರೆಯುವುದಾದ್ದರಿಂದ ಒಪ್ಪಿಕೊಂಡೆ. ನಮ್ಮ ಎದುರುಮನೆಯ ಬೋರಮ್ಮಜ್ಜಿಯ ಬಗ್ಗೆ ಬರೆಯುತ್ತಿದ್ದೇನೆ.

ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆಗೆ ಪುಸ್ತಕಗಳಲ್ಲಿ ಕೌದಿ ಎನ್ನುತ್ತಾರೆ. ಅಜ್ಜಿ ಬೊಂತೆ ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಅಜ್ಜಿಯ ಯಜಮಾನರು ಮರಿಯಯ್ಯ ತಾತ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಜ್ಜಿ ಬಸ್ಸು ಹತ್ತಿ ಯಾದವಗಿರಿಯ ಒಂದು ಬಂಗಲೆಗೆ ಮನೆಗೆಲಸಕ್ಕೆ ಹೋಗುತ್ತಿದ್ದರು. ಹಳೆಯ ಸೀರೆ, ಸವೆದ ಹಾಸಿಗೆ ಬಟ್ಟೆ, ಬಣ್ಣ ಹೋದ ಪರದೆ, ಆ ಮನೆಯವರು ಏನು ಕೊಟ್ಟರೂ ಬೇಡ ಎನ್ನುತ್ತಿರಲಿಲ್ಲ. ಒಗೆದು, ಗಂಜಿ ಬಿಡಿಸಿ, ಬಿಸಿಲಿಗೆ ಹಾಕಿ, ಭಾನುವಾರ ಮನೆ ಮುಂದಿನ ಜಗಲಿಯ ಮೇಲೆ ಹಾಸುತ್ತಿದ್ದರು. ನಾಲ್ಕು ಮೂಲೆಗೂ ಇಟ್ಟಿಗೆ, ಗುಂಡುಕಲ್ಲು, ಸಿಕ್ಕಿದ್ದನ್ನು ಇಟ್ಟು, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಿದ್ದರು. ನಾನು ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸಿಕೊಡಲು ಓಡಿ ಹೋಗುತ್ತಿದ್ದೆ. ಆ ಬೊಂತೆಯ ಮೇಲೆ ಬಿಸಿಲಲ್ಲಿ ಮಲಗಿದರೆ ಸೋಪಿನ ವಾಸನೆ ಬರುತ್ತಿತ್ತು. ಈಗಲೂ ಆ ಸೋಪು ಅಂಗಡಿಯಲ್ಲಿ ಕಂಡರೆ ನನಗೆ ನಿದ್ದೆ ಬಂದಂತಾಗುತ್ತದೆ.

ನಾನು ಶಾಲೆ ಬಿಟ್ಟಾಗ ಬೀದಿಯವರೆಲ್ಲ ಯಾಕೆ ಎಂದು ಕೇಳಿದರು. ಅಜ್ಜಿ ಕೇಳಲಿಲ್ಲ. ಜರುಗಿ ಕೂತು ಜಾಗ ಮಾಡಿ ಸೂಜಿ ಕೊಟ್ಟರು.

ಬೇರೆಯವರಿಗೆ ಅವರು ಹೊಲಿದುಕೊಟ್ಟ ಬೊಂತೆಗಳು ಎಷ್ಟೋ. ತಾವು ಹೊದೆಯುವುದು ಮಾತ್ರ ಒಂದೇ. ಮದುವೆಯಾಗಿ ಬಂದ ವರ್ಷ ತಮ್ಮ ತಾಯಿಯ ಸೀರೆಯಿಂದ ಹೊಲಿದದ್ದು. ಗಿಣಿಹಸಿರು ಬಣ್ಣದ ಹತ್ತಿ ಸೀರೆಯಂತೆ, ಕೆಂಪು ಅಂಚಂತೆ. ನಾನು ನೋಡಿಲ್ಲ. ಏಕೆಂದರೆ ಅಜ್ಜಿ ಹೊಲಿಗೆ ಬಿಚ್ಚುವವರಲ್ಲ. ಬೊಂತೆ ಹರಿದ ಕಡೆ ಮೇಲೊಂದು ಬಟ್ಟೆ ಹಾಸಿ ಮತ್ತೆ ಹೊಲಿಯುತ್ತಾರೆ. ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ. ಹೀಗೆ ಆ ಸೀರೆ ವರ್ಷದಿಂದ ವರ್ಷಕ್ಕೆ ಒಳಗೊಳಗೆ ಹೋಯಿತು, ಬೊಂತೆ ದಪ್ಪವಾಯಿತು.

ಈ ಸಲ ಚಳಿಗಾಲದಲ್ಲಿ ಅಜ್ಜಿ ಜ್ವರ ಬಂದು ಮಲಗಿದರು. ಆಸ್ಪತ್ರೆಯಿಂದ ಬಂದ ಮೇಲೆ ಕೈಯಲ್ಲಿ ಶಕ್ತಿಯಿಲ್ಲ. ಬೊಂತೆಯನ್ನು ಎಳೆದುಕೊಳ್ಳಲೂ ಆಗದು, ಹೊದ್ದರೆ ಮಗ್ಗುಲು ಬದಲಿಸಲೂ ಆಗದು. ತೆಗೆದರೆ ಚಳಿ, ನಿದ್ದೆಯಿಲ್ಲ. ದಿನದಿನಕ್ಕೆ ಇಳಿದುಹೋದರು. ಸೊಸೆ ಮಂಜುಶ್ರೀ ಅಕ್ಕ ಹೊಸ ರಗ್ಗು ತಂದರು.

"ಅತ್ತೆ, ಇದ್ನ ಹೊದ್ಕಳಿ. ಹತ್ತಿಯಂಗೆ ಹಗುರ ಅದೆ."

"ಬ್ಯಾಡ ಕಣಮ್ಮ. ಜಾರ್ತದೆ. ಮೀನು ಹೊದ್ಕಂಡಂಗೆ ಆಯ್ತದೆ."

"ಆ ಬೊಂತೆ ಭಾರ ಅಂತೀರಲ್ಲ ಮತ್ತೆ?"

"ಭಾರವೇ. ನಿಮ್ ಮಾವ ಬದುಕಿದ್ದಾಗ್ಲೂ ಇಷ್ಟು ಭಾರ ಇರ್ನಿಲ್ಲ ಅವರು."

ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಜ್ಜಿ ನನ್ನ ಕಡೆ ತಿರುಗಿದರು.

"ಅನು, ನೀನೇ ಬಿಚ್ಚು ಮಗ. ನಿನ್ ಕೈ ನಿಧಾನ. ಏನ್ ಬೇಕಾದ್ರೂ ತೆಗಿ. ನಮ್ಮವ್ವನ ಸೀರೆ ಒಂದ್ ಬುಡು."

ಮೊನ್ನೆ ಬೆಳಿಗ್ಗೆ ಅವರ ಮಂಚದ ಪಕ್ಕದಲ್ಲೇ ಕೂತು ಬಿಚ್ಚಲು ಶುರುಮಾಡಿದೆ. ಎರಡೂ ಮಗ್ಗುಲಿನ ಹೊಲಿಗೆಯನ್ನು ಕತ್ತರಿಯ ಮೊನೆಯಿಂದ ಒಂದೊಂದೇ ಎತ್ತಿ ಕತ್ತರಿಸಿದೆ. ಮೇಲಿದ್ದದ್ದು ಮಂಜುಶ್ರೀ ಅಕ್ಕನ ಹಳೆಯ ನೈಟಿ. ಅದರ ಕೆಳಗೆ ಮಗ ಶಿವಶಂಕರ್ ಅಣ್ಣನ ಶಾಲೆಯ ಶರಟುಗಳು, ಜೇಬಿನ ಮೇಲೆ ಇನ್ನೂ ಶಾಯಿ. ಆಮೇಲೆ ಬಂಗಲೆಯ ಪರದೆ ಬಂತು. ಅಜ್ಜಿ ಕೈ ಚಾಚಿ ಮುಟ್ಟಿದರು.

"ಬಿಸ್ಲು ಬೀಳೋ ಜಾಗ್ದಲ್ಲಿ ಮಾತ್ರ ಬಣ್ಣ ಹೋಗ್ಯದೆ ನೋಡು. ಆ ಕಿಟಕಿ ಕೆಳಗೇ ಕೂತ್ಕಂಡು ಕಾಫಿ ಕುಡೀತಿದ್ದೆ."

ಅದರ ಕೆಳಗೆ ತಾತನ ಖಾಕಿ ಬಟ್ಟೆಗಳು. ಎತ್ತಿದರೆ ಕೈ ಜಗ್ಗುವಷ್ಟು ತೂಕ, ಎಣ್ಣೆಯ ಕಲೆ ಹೋಗಿಲ್ಲ. ಅಜ್ಜಿ ಅದನ್ನು ಮೂಸಿ ನೋಡಿ, ದಿಂಬಿನ ಹತ್ತಿರ ಇಟ್ಟುಕೊಂಡು ಹಾಗೇ ಮಂಪರಿಗೆ ಹೋದರು.

ಖಾಕಿಯ ಕೆಳಗೆ ಹಸಿರು ಸೀರೆ ಇರಬೇಕಿತ್ತು. ಇರಲಿಲ್ಲ. ಬಿಳಿಯ ಹೊಲಿಗೆ ದಾರಗಳು ಬಲೆಯ ಹಾಗೆ ಸಾಲು ಸಾಲಾಗಿ ಇದ್ದವು. ನಡುನಡುವೆ ಹಸಿರು ನಾರು, ಉಸಿರು ಬಿಟ್ಟರೆ ಹಾರುವಂಥದ್ದು. ಒಂದು ಕಡೆ ಬೆರಳಗಲ ಕೆಂಪು ಅಂಚು. ಸೀರೆ ಸವೆದು ಹೋಗಿತ್ತು, ಹೊಲಿಗೆ ಮಾತ್ರ ಉಳಿದಿತ್ತು. ನಾನೇ ಹಾಳುಮಾಡಿದೆನೇನೋ ಎಂದು ಕತ್ತರಿ ಕೆಳಗಿಟ್ಟೆ. ಅಡುಗೆಮನೆಗೆ ಹೋಗಿ ಅಕ್ಕನನ್ನು ಕರೆತಂದೆ.

ಅಕ್ಕ ನೋಡಿ, ದನಿ ತಗ್ಗಿಸಿ, "ನನ್ನ ಹಸಿರು ದುಪಟ್ಟ ಅದೆ. ಒಳಗಿಟ್ಟು ಹೊಲ್ದ್ಬುಡು. ಅವರಿಗೆ ಏನ್ ಗೊತ್ತಾಯ್ತದೆ? ಈ ಸ್ಥಿತೀಲಿ ಹೇಳೋದು ಬ್ಯಾಡ ಕಣೆ," ಎಂದರು.

ಅಕ್ಕ ಹೇಳಿದ್ದು ಅಜ್ಜಿಯ ಒಳ್ಳೆಯದಕ್ಕೇ. ಆದರೆ ಅಜ್ಜಿ ಆ ಬೊಂತೆ ಹೊದ್ದು, ಇದು ನಮ್ಮವ್ವಂದು ಎಂದಾಗಲೆಲ್ಲ ನಾನು ಎದುರಿಗೆ ಕೂತಿರಬೇಕಲ್ಲ. ಅಜ್ಜಿ ಕಣ್ಣು ಬಿಡುವವರೆಗೂ ಕಾದೆ. ಆ ನಾರನ್ನೂ ಅಂಚನ್ನೂ ಅವರ ಅಂಗೈಯಲ್ಲಿ ಇಟ್ಟೆ.

ಅಜ್ಜಿ ಬೆರಳಿನಿಂದ ಅಂಚನ್ನು ಸವರಿದರು. "ಇಷ್ಟೇಯಾ?"

"ಇಷ್ಟೇ ಅಜ್ಜಿ. ಹೊಲಿಗೆ ಎಲ್ಲಾ ಹಂಗೇ ಇದೆ."

ಅಜ್ಜಿಯ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ನನಗೆ ಅಕ್ಕನ ಮುಖ ನೋಡಲು ಧೈರ್ಯವಾಗಲಿಲ್ಲ.

"ಸವೆಸಿದ್ದು ನಾನೇ ತಾನೆ, ಹೊದ್ದು ಹೊದ್ದು," ಎಂದರು ಅಜ್ಜಿ. ಅಂಚನ್ನು ಮುಷ್ಟಿಯಲ್ಲಿ ಹಿಡಿದು, "ಅಂಗಾರೆ ಭಾರ ನಮ್ಮವ್ವಂದಲ್ಲ. ನಿಮ್ಮೆಲ್ಲಾರ್ದೂವೆ."

ಅಕ್ಕ ಅಳುತ್ತಿದ್ದವರು ನಕ್ಕುಬಿಟ್ಟರು. ದುಪಟ್ಟದ ವಿಷಯವನ್ನು ತಾವೇ ಹೇಳಿಬಿಟ್ಟರು.

"ಕೊಡು. ಯಾಕ್ ಕದ್ದುಮುಚ್ಚಿ ಕೊಡ್ಬೇಕು? ನನ್ ಸೊಸೇದು ಅಂತ ಗೊತ್ತಾಗೇ ಹೊದ್ಕತೀನಿ," ಎಂದರು ಅಜ್ಜಿ. ಖಾಕಿಯನ್ನು ನನ್ನ ಕಡೆ ತಳ್ಳಿ, "ಇದ್ರಲ್ಲಿ ಚೀಲ ಹೊಲಿ ಮಗ. ತರಕಾರಿ ತರೋಕೆ ಹೋಗೋದು ಅಂದ್ರೆ ನಿಮ್ ತಾತಂಗೆ ಇಷ್ಟ."

ನಿನ್ನೆ ದುಪಟ್ಟವನ್ನೂ ಬಂಗಲೆಯ ಪರದೆಯನ್ನೂ ಒಗೆದು ಹಾಕಿದೆ. ಈಗ ಒಣಗಿವೆ. ನಾಳೆ ಬೆಳಿಗ್ಗೆ ಪರದೆಯನ್ನು ಜಗಲಿಯ ಮೇಲೆ ಹಾಸಿ, ಆ ಹಸಿರು ನಾರನ್ನು ಹೊಲಿಗೆ ಸಮೇತ ನಡುವೆ ಇಟ್ಟು, ಮೇಲೆ ದುಪಟ್ಟ ಹೊದಿಸಿ, ಅಂಚಿನಿಂದ ಹೊಲಿಯಲು ಶುರುಮಾಡುತ್ತೇನೆ.