ಮಂಗಳವಾರದ ನರ್ಸಮ್ಮ

ಅತ್ತೆಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ವರ್ಷ, ಹಾರೋಹಳ್ಳಿ ಕಡೆಯ ಸಣ್ಣ ಚರ್ಚೊಂದರಿಂದ ನಿವೃತ್ತ ನರ್ಸೊಬ್ಬರು ಪ್ರತಿ ಮಂಗಳವಾರ ನಮ್ಮೂರಿಗೆ ಬರತೊಡಗಿದರು. ಹಾಸಿಗೆ ಹಿಡಿದವರ ಕೈಕಾಲು ನೀವಿ, ವ್ಯಾಯಾಮ ಮಾಡಿಸಿ ಹೋಗುತ್ತಿದ್ದರು. ಕಾಸು ಕೇಳುತ್ತಿರಲಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಅವರು ನಮ್ಮ ಮನೆಗೆ ಬಂದಾಗಲೆಲ್ಲ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಅತ್ತೆಯ ಕೋಣೆಯಲ್ಲೇ ಕೂರುತ್ತಿದ್ದೆ. ಯೇಸುವಿನ ಮಾತು ಬರಲಿ, ಅಂದೇ ಹೊರಗೆ ಕಳಿಸುತ್ತೇನೆ ಎಂದು ಕಾದೆ. ಬರಲೇ ಇಲ್ಲ. ಒಮ್ಮೆ ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವರ ಚೀಲವನ್ನೇ ಬಿಚ್ಚಿದೆ. ಎಣ್ಣೆ ಸೀಸೆ, ಟವಲ್ಲು, ತಿಂಡಿ ಡಬ್ಬಿ, ಅಡಿಯಲ್ಲಿ ಕಪ್ಪು ರಟ್ಟಿನ ಬೈಬಲ್ಲು. ಅದು ನನ್ನ ಕೈಯಲ್ಲಿರುವಾಗಲೇ ಅವರು ಬಂದುಬಿಟ್ಟರು.

ನಾಚಿಕೆಯನ್ನು ಕೋಪದಲ್ಲಿ ಮುಚ್ಚಿಕೊಂಡು ಕೇಳಿದೆ: “ನಮ್ಮತ್ತೇನ ನಿಮ್ ಜಾತಿಗೆ ಸೇರಿಸ್ಕೊಳಕ್ಕೆ ಬತ್ತಾ ಇದ್ದೀರಾ?”

“ಪ್ರಾರ್ಥನೆ ಮಾಡ್ತೀನಿ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ? ಬಸ್ಸಲ್ಲಿ ಬರೋವಾಗ ಮಾಡ್ಕೊತೀನಿ. ಇಲ್ಲಿ ಮಾಡಾಕಿಲ್ಲ.”

“ಇನ್ಮೇಲೆ ಬರ್ಬೇಡಿ.”

ಅವರು ಬೇಸರ ತೋರಿಸಲಿಲ್ಲ. ಅತ್ತೆಯ ಮುದುಡಿದ ಬೆರಳು ಬಿಡಿಸುವುದು ಹೇಗೆಂದು ನನಗೆ ಹೇಳಿಕೊಟ್ಟು ಹೊರಟರು.

ಎರಡು ವಾರ ನಾನೇ ಪ್ರಯತ್ನಪಟ್ಟೆ. ನೋವಿಗೆ ಅತ್ತೆ ಚೀರುತ್ತಿದ್ದರು. ಕೊನೆಗೆ ಗೋಡೆಯತ್ತ ಮುಖ ತಿರುಗಿಸಿ, ತೊದಲುತ್ತಲೇ ಅಂದರು: “ಚೀಲ ಬಿಚ್ಚಿದೋಳು ನೀನು. ಆಚೆಗೆ ಹೋಗ್ಬೇಕಾದೋಳು ಅವ್ಳಾ?”

ಭಾನುವಾರ ಬಸ್ಸು ಹತ್ತಿ ಆ ಚರ್ಚಿಗೆ ಹೋದೆ. ಶೀಟು ಹೊದಿಸಿದ ಪುಟ್ಟ ಕಟ್ಟಡ. ಒಳಗೆ ಹಾಡು ನಡೆದಿತ್ತು. ಗೇಟಿನಾಚೆಯೇ ನಿಂತೆ. ಹಾಡು ಮುಗಿದ ಮೇಲೆ ನರ್ಸಮ್ಮ ಹೊರಬಂದರು.

“ತಪ್ಪಾಯ್ತು ಅಕ್ಕ. ಮತ್ತೆ ಬನ್ನಿ,” ಎಂದೆ.

“ಬತ್ತೀನಿ. ಬಿಸ್ಲಲ್ಲಿ ನಿಂತಿದ್ದೀಯ, ಒಸಿ ನೀರು ಕುಡಿ.”

ಲೋಟವನ್ನು ಗೇಟಿಗೇ ತಂದುಕೊಟ್ಟರು. ಒಳಗೆ ಬಾ ಎನ್ನಲಿಲ್ಲ. ಹಾಗೆ ಕರೆಯದಿರುವುದೂ ಒಂದು ಉಪಾಯವಿರಬಹುದೇ ಎಂದು ಊರು ಮುಟ್ಟುವವರೆಗೂ ಯೋಚಿಸಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಅತ್ತೆ ಬಲಗೈಯಲ್ಲೇ ಮುದ್ದೆ ಮುರಿದು, ಸಾರಿಗೆ ಅದ್ದಿ ಉಂಡರು. ನನಗೆ ಅಳು ತಡೆಯಲಾಗಲಿಲ್ಲ.

ಈಗ ನರ್ಸಮ್ಮ ಹಿಂದಿನ ಬೀದಿಯ ಮುದುಕರೊಬ್ಬರನ್ನೂ ನೋಡುತ್ತಾರೆ. ಆ ಮನೆಯ ಸೊಸೆ ಮೊದಲು ನನ್ನನ್ನು ಕೇಳಲು ಬಂದಿದ್ದಳು: “ಅಕ್ಕ, ಅವ್ರನ್ನ ಒಳಗೆ ಬುಟ್ಕೊಬೋದಾ?”

“ಧೈರ್ಯವಾಗಿ ಬುಟ್ಕೊ. ಅವ್ರ ಕೈಗುಣ ಚೆನ್ನಾಗೈತೆ,” ಎಂದೆ. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ತಡೆಯಲಾರದೆ ಕೂಗಿ ಹೇಳಿದೆ: “ಆದ್ರೂ ಒಸಿ ಹತ್ರಾನೇ ಕೂತಿರು.”